ಅವ್ವನ ಬಳುವಳಿ, ಹನ್ನೊಂದು ಎಮ್ಮೆ

ಗಂಡಸರ ಬಾಯಲ್ಲಿ ‘ಬಳುವಳಿ’ ಎಂಬ ಮಾತು ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಳಗಾವಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸಲು ಸೇರಿದ ಮೊದಲ ವರ್ಷ, ಶಾಲೆಯ ಗ್ಯಾದರಿಂಗಿಗೆ ಅತಿಥಿಯಾಗಿ ಬಂದಿದ್ದ ಒಬ್ಬರು ವೇದಿಕೆಯ ಮೇಲೆ ನಿಂತು ತಮ್ಮ ಮನೆತನದ ಬಗ್ಗೆ ಮಾತಾಡಿದರು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತಮಗೆ ಬಂದ ಸಂಸ್ಕಾರದ ಬಳುವಳಿಯನ್ನು ತಾವೀಗ ಮಗನ ಕೈಗೆ ಒಪ್ಪಿಸಿರುವುದಾಗಿ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ನಾನು ನೇರವಾಗಿ ಅವರ ಹತ್ತಿರ ಹೋದೆ.

“ಸರ್, ಬಳುವಳಿ ಅಂದ್ರ ಮದುವ್ಯಾಗ ಮಗಳಿಗೆ ಕೊಟ್ಟು ಕಳಸೂದು. ಮಗನಿಗೆ ಕೊಡೂದಕ್ಕ ಬ್ಯಾರೆ ಮಾತು ಅದಾವ್ರಿ,” ಎಂದೆ.

ಅವರು ಹಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, “ಈಗ ಎಲ್ಲಾದಕ್ಕೂ ಅದ ಮಾತು ನಡೀತೈತಿ ಅಕ್ಕೋರ. ಪೇಪರದಾಗೂ ಹಂಗ ಬರೀತಾರ,” ಎಂದರು.

“ಮಗಳ ಪಾಲಿಗಿದ್ದದ್ದು ಅದೊಂದ ಮಾತು. ಅದನ್ನೂ ತಗೊಂಡ್ರೇನು?”

ನನ್ನ ದನಿ ಏರಿತ್ತು. ಮುಖ್ಯಾಧ್ಯಾಪಕಿ ಬಂದು ನನ್ನ ಮೊಳಕೈ ಹಿಡಿದು ಆಚೆ ಕರೆದುಕೊಂಡು ಹೋದರು. ಮರುದಿನ ತಮ್ಮ ಕೋಣೆಗೆ ಕರೆಸಿ, ಒಂದು ಶಬ್ದಕ್ಕಾಗಿ ಯಾರಾದರೂ ಅತಿಥಿಯ ಜೊತೆ ಜಗಳ ತೆಗೆಯುತ್ತಾರೆಯೇ ಎಂದು ಕೇಳಿದರು. ನಾನು ತಪ್ಪಾಯಿತು ಎಂದು ಹೇಳಿ ಬಂದೆ. ನಮ್ಮ ಮನೆಯಲ್ಲಿ ಆ ಒಂದು ಶಬ್ದಕ್ಕಾಗಿಯೇ ಕೊಟ್ಟಿಗೆಯ ನಡುವೆ ಗೋಡೆ ಎದ್ದಿತ್ತು ಎಂದು ಅವರಿಗೆ ಹೇಳಲಿಲ್ಲ.

ನಮ್ಮ ಊರು ಖಾನಾಪುರದಿಂದ ಹಲಸಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಂದಿಷ್ಟು ಒಳಗೆ. ಅವ್ವನ ತವರು ಬೈಲಹೊಂಗಲದ ಆಚೆ, ಕಪ್ಪು ನೆಲದ ಬಯಲುಸೀಮೆ. ಅವಳು ಮದುವೆಯಾಗಿ ಬಂದಾಗ ಚಕ್ಕಡಿಯ ಹಿಂದೆ ಒಂದು ಎಮ್ಮೆಯನ್ನು ಕಟ್ಟಿ ಕಳಿಸಿದ್ದರಂತೆ. ಚೊಚ್ಚಲ ಗಬ್ಬದ ಎಮ್ಮೆ. ಎರಡು ದಿನ ನಡೆದು ಬಂದಿತ್ತು. ಅವ್ವ ಅದನ್ನು ‘ನನ್ನ ಬಳುವಳಿ’ ಎಂದಳು. ಗಂಡನ ಮನೆಯಲ್ಲಿ ಎಲ್ಲರೂ ನಕ್ಕರು. ಅಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಮಗಳಿಗೆ ಕೊಟ್ಟು ಕಳಿಸುವುದಕ್ಕೆ ಅವರು ಆಂದಣ ಎನ್ನುತ್ತಿದ್ದರು. ದೊಡ್ಡಪ್ಪನ ಹೆಂಡತಿ, ಅಂದರೆ ನಮ್ಮ ದೊಡ್ಡವ್ವ, “ಇಲ್ಲಿ ಆಂದಣ ಅಂತಾರವಾ” ಎಂದು ಎಷ್ಟೋ ಸಲ ತಿದ್ದಿದಳಂತೆ. ಅವ್ವ ಒಮ್ಮೆಯೂ ಆ ಮಾತನ್ನು ಬಾಯಿಗೆ ತಂದುಕೊಳ್ಳಲಿಲ್ಲ. ಅದಕ್ಕೆ ಅವಳಿಗೆ ಬಯಲಸೀಮಿ ಎಮ್ಮಿ ಎಂದು ಹೆಸರು ಬಿತ್ತು. ಕೊನೆಯವರೆಗೂ ಬೆನ್ನ ಹಿಂದೆ ಅವಳನ್ನು ಹಾಗೆಯೇ ಕರೆಯುತ್ತಿದ್ದರು.

ನಾನು ಹುಟ್ಟುವ ಮೊದಲು ಒಂದು ಮಳೆಗಾಲದಲ್ಲಿ ದನಗಳಿಗೆ ರೋಗ ಬಂದು ಮನೆಯ ಹಳೆಯ ಎಮ್ಮೆಗಳೆಲ್ಲ ಸತ್ತವು. ಉಳಿದದ್ದು ಅವ್ವನದೊಂದೇ. ಅದು ಬದುಕಿರುವವರೆಗೆ ಈಯುತ್ತಲೇ ಇತ್ತು. ಅದರ ಹೆಣ್ಣುಕರುಗಳು ಬೆಳೆದು ಅವೂ ಈದವು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಕೊಟ್ಟಿಗೆಯಲ್ಲಿ, ಇನ್ನೂ ಈಯದ ಮಣಕಗಳೂ ಸೇರಿ, ಹನ್ನೊಂದು ಎಮ್ಮೆಗಳಿದ್ದವು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾವ ಎಮ್ಮೆ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದು, ಅದರ ತಾಯಿ ಯಾವುದು, ಅಜ್ಜಿ ಯಾವುದು ಎಂದು ಒಂದೂ ತಪ್ಪದೆ ಹೇಳುತ್ತಿದ್ದಳು. ಹಿಂಡುವವಳೂ ಅವಳೇ. ದೊಡ್ಡವ್ವ ಅಡುಗೆ, ಅವ್ವ ಕೊಟ್ಟಿಗೆ, ಹೀಗೆ ಕೆಲಸ ಹಂಚಿತ್ತು. ಹಾಲನ್ನು ದೊಡ್ಡಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿ ಖಾನಾಪುರದ ಸ್ಟೇಷನ್ನಿಗೆ ಒಯ್ಯುತ್ತಿದ್ದ. ಲೋಂಡಾ ಕಡೆಯಿಂದ ಬರುವ ಬೆಳಗಿನ ಗಾಡಿಯಲ್ಲಿ ಅದು ಬೆಳಗಾವಿಗೆ ಹೋಗಿ, ಕ್ಯಾಂಪಿನ ಬಂಗಲೆಗಳಿಗೂ ಕುಂದಾ ಮಿಠಾಯಿ ಮಾಡುವವರ ಬಾಣಲೆಗಳಿಗೂ ಸೇರುತ್ತಿತ್ತು. ಬಂದ ದುಡ್ಡು ದೊಡ್ಡಪ್ಪನ ಟ್ರಂಕಿಗೆ. ಅಪ್ಪ ಎಂದೂ ಅದರ ಬಗ್ಗೆ ಕೇಳಿದವನಲ್ಲ.

ಎಪ್ಪತ್ತರ ದಶಕದ ನಡುವೆ ಅಜ್ಜಿ ತೀರಿಕೊಂಡಳು. ತಿಂಗಳು ತುಂಬುವುದರೊಳಗೆ ದೊಡ್ಡಪ್ಪ ವಾಟ್ನಿ ಆಗಲಿ ಎಂದ. ಮನೆ ಪಾಲಾಗುವುದಕ್ಕೆ ನಮ್ಮಲ್ಲಿ ಹಾಗೆಯೇ ಅನ್ನುತ್ತಾರೆ. ಊರಿನ ಹಿರಿಯರು ಐದು ಮಂದಿ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ಅವರಲ್ಲಿ ಮಠದ ಅಯ್ಯನವರು ಮುಖ್ಯರು. ಹೊಲಗದ್ದೆ ಸರಿಯಾಗಿ ಅರ್ಧ ಆಯಿತು. ಮನೆಯ ನಡುವೆ ಎಲ್ಲಿ ಗೋಡೆ ಹಾಕಬೇಕೆಂದು ಹಗ್ಗ ಹಿಡಿದು ಗುರುತು ಮಾಡಿದರು. ತಾಮ್ರದ ಹಂಡೆ ಅವರಿಗೆ, ಹಿತ್ತಾಳೆಯ ಕೊಪ್ಪರಿಗೆ ನಮಗೆ. ಎಲ್ಲ ಮುಗಿಯುತ್ತ ಬಂದಾಗ ದೊಡ್ಡಪ್ಪ, “ಹನ್ನೊಂದು ಎಮ್ಮಿ ಅದಾವ. ಹಿರ್ಯಾನ ವಾಟಾ ಅಂತ ನನಗ ಆರು, ತಮ್ಮಗ ಐದು,” ಎಂದ.

ಅಡುಗೆಮನೆಯ ಬಾಗಿಲ ಮರೆಯಲ್ಲಿ ನಾನೂ ಅವ್ವನೂ ನಿಂತಿದ್ದೆವು. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲಿಗೆ ಬಂದಳು. ಭಾವನ ಎದುರು ಅವಳು ದನಿ ತೆಗೆದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

“ಎಮ್ಮಿ ವಾಟ್ನಿಗೆ ಬರೂದಿಲ್ರಿ. ಅವು ನನ್ನ ಬಳುವಳಿ,” ಎಂದಳು.

ದೊಡ್ಡಪ್ಪ ಅವಳ ಕಡೆ ನೋಡದೆ ಹಿರಿಯರಿಗೆ ಹೇಳಿದ: “ಅಕಿ ತಂದದ್ದು ಒಂದು ಎಮ್ಮಿ. ಅದು ಸತ್ತು ಎಷ್ಟೋ ವರ್ಷ ಆತು. ಈಗಿರೂ ಎಮ್ಮಿ ಈ ಮನ್ಯಾಗ ಹುಟ್ಟ್ಯಾವ, ಈ ಮನಿ ಹುಲ್ಲು ತಿಂದಾವ.”

“ಹುಲ್ಲು ತಿಂದಿದ್ದಕ್ಕ ಹಾಲು ಕುಡದೀರಿ,” ಎಂದಳು ಅವ್ವ. “ಹಾಲು ಮಾರೀರಿ. ನಾ ಅದನ್ನ ಕೇಳಾಕ ಬಂದಿಲ್ಲ. ಹೊಟ್ಯಾಗ ಹುಟ್ಟಿದ್ದು ಯಾರದು ಅಂತ ಹೇಳ್ರಿ.”

ಹಿರಿಯರಲ್ಲಿ ಒಬ್ಬರು, ಆಂದಣ ಅಂದರೆ ಕೊಟ್ಟ ವಸ್ತು ಮಾತ್ರ, ಅದು ಹೋದ ಮೇಲೆ ಆಂದಣವೂ ಹೋಯಿತು ಎಂದರು. ಅವ್ವ, ಅದು ಆಂದಣ ಅಲ್ಲ, ಬಳುವಳಿ ಎಂದಳು. ಎರಡೂ ಒಂದೇ ಅಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಅಲ್ಲ ಎಂದಳು. ಹೇಗೆ ಅಲ್ಲ ಎಂದು ಹೇಳಲು ಅವಳಿಗೆ ಬರಲಿಲ್ಲ. ದೊಡ್ಡಪ್ಪ ಆಗ ಒಂದು ಮಾತು ಹೇಳಿದ. “ಗಂಡಮಗ ಇಲ್ಲ, ಏನಿಲ್ಲ. ಇದ್ದಾಕಿ ಒಬ್ಬಳು, ನಾಳೆ ಎದ್ದು ಹೋಗಾಕಿ. ಯಾರ ಸಲುವಾಗಿ ಇಷ್ಟು ಹಟ?”

ಅಪ್ಪ ಅವ್ವನಿಗೆ ನಾನು ಒಬ್ಬಳೇ ಮಗಳು. ನನ್ನ ಅಪ್ಪ ಅಲ್ಲೇ ಕಂಬಕ್ಕೆ ಒರಗಿ ಕುಳಿತು ಉಗುರು ನೋಡಿಕೊಳ್ಳುತ್ತಿದ್ದ. ಅಯ್ಯನವರು ಅವನನ್ನು, ನೀನೇನು ಅನ್ನುತ್ತೀ ಎಂದು ಕೇಳಿದರು. “ಅಣ್ಣ ಅಂದಂಗ ಆಗ್ಲಿ ಬಿಡ್ರಿ,” ಎಂದ. ಅವ್ವ ತಿರುಗಿ ಅವನನ್ನು ನೋಡಿದ ರೀತಿ ನನಗೆ ನೆನಪಿದೆ. ಅವಳು ಮುಂದೆಯೂ ಅವನಿಗೆ ಬಡಿಸಿದಳು, ಬಟ್ಟೆ ಒಗೆದಳು. ಆದರೆ ಅವನ ಜೊತೆ ಕುಳಿತು ಮಾತಾಡಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಹೆಣ್ಣುಮಗಳ ಮಾತು ಬಂದಿದೆ, ಬರುವ ಸೋಮವಾರ ಇನ್ನೊಮ್ಮೆ ಕೂಡೋಣ ಎಂದು ಅಯ್ಯನವರು ಎದ್ದರು.

ನಾನು ಆಗ ಬೆಳಗಾವಿಯಲ್ಲಿ ಪಿಯುಸಿ ಓದುತ್ತಿದ್ದೆ. ಹಾಲಿನ ಕ್ಯಾನುಗಳು ಹೋಗುವ ಗಾಡಿಯಲ್ಲೇ ನಾನೂ ಹೋಗುತ್ತಿದ್ದೆ. ಮೈಯಿಂದ ಕೊಟ್ಟಿಗೆಯ ವಾಸನೆ ಬರುತ್ತದೆಂದು ಕೆಲವು ಹುಡುಗಿಯರು ನನ್ನ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದರು. ಆ ವಾರ ನಾನು ಕನ್ನಡ ಕಲಿಸುವ ಪ್ರಾಧ್ಯಾಪಕರ ಕೋಣೆಗೆ ಹೋಗಿ, ಬಳುವಳಿ ಅಂದರೆ ಏನು ಎಂದು ಕೇಳಿದೆ. ಅವರಿಗೆ ಇಂಥ ಪ್ರಶ್ನೆ ಕೇಳುವವರು ಸಿಗುವುದೇ ಅಪರೂಪ. ದಪ್ಪನೆಯ ನಿಘಂಟು ತೆಗೆದರು.

“ಹಳೇ ರೂಪ ಬೞಿವೞಿ,” ಎನ್ನುತ್ತ ಒಂದು ಹಾಳೆಯ ಮೇಲೆ ನನಗೆ ಗೊತ್ತಿಲ್ಲದ ಅಕ್ಷರ ಬರೆದು ತೋರಿಸಿದರು. “ಈ ೞ ಸತ್ತು ಬಾಳ ಕಾಲ ಆತು. ಬೞಿ ಅಂದ್ರ ಹೆಜ್ಜಿ ಜಾಡು, ದಾರಿ, ಬೆನ್ನಹಿಂದ. ಕುಲ ಅಂತನೂ ಅರ್ಥ ಐತಿ. ಹುಡುಗಿ ಗಂಡನ ಮನಿಗೆ ಹೋಗುಮುಂದ ಅಕಿ ಹಿಂದ ಏನು ನಡಕೊಂಡು ಹೋಗತೈತಿ, ಅದು ಬೞಿವೞಿ. ಹಳೇ ಕಾಲದಾಗ ರಾಜರು ಮಗಳ ಹಿಂದ ಆನಿ, ಕುದರಿ, ದಾಸಿಯರನ್ನ ಕಳಸ್ತಿದ್ರು. ಹಿಂಗಂತ ಬಿಡಸ್ತಾರ. ಖಾತ್ರಿ ಅಂತ ಹೇಳಾಕ ಬರೂದಿಲ್ಲ.”

“ಕುಲ ಅಂತನೂ ಐತೇನ್ರಿ ಸರ್?”

“ಐತಿ. ಯಾಕ?”

“ಮನ್ಯಾಗ ಎಮ್ಮಿ ಸಂಬಂಧ ಜಗಳ ನಡದೈತ್ರಿ,” ಎಂದೆ. ಅವರು ನಿಘಂಟು ಮುಚ್ಚಿದರು.

ನನಗೆ ಮಾತ್ರ ಗೆದ್ದಂತೆಯೇ ಆಗಿತ್ತು. ಅವರು ಬರೆದ ಹಾಳೆಯನ್ನು ಪುಸ್ತಕದಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಅವ್ವನಿಗೆ ಹೇಳಲಿಲ್ಲ. ಎಲ್ಲರೆದುರು ಹೇಳಬೇಕು, ದೊಡ್ಡಪ್ಪನ ಮುಖ ನೋಡಬೇಕು ಎಂಬ ಆಸೆ ನನಗೆ.

ಸೋಮವಾರ ಹಿರಿಯರು ಕೂಡಿದಾಗ ನಾನು ಪಡಸಾಲೆಗೇ ಹೋಗಿ ನಿಂತೆ. ಕಾಲೇಜಿನಲ್ಲಿ ಕೇಳಿಕೊಂಡು ಬಂದಿದ್ದೇನೆಂದು ಹೇಳಿ, ಮಗಳ ಹಿಂದೆ ಬಂದದ್ದು ಬಳುವಳಿ, ಅದರಲ್ಲಿ ಕುಲ ಎಂಬ ಅರ್ಥವೂ ಇದೆ, ಆದ್ದರಿಂದ ಆ ಎಮ್ಮೆಯ ಕುಲವೆಲ್ಲ ನಮ್ಮ ಅವ್ವನದು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅಯ್ಯನವರು ತಲೆ ಅಲ್ಲಾಡಿಸಿದರು. ದೊಡ್ಡಪ್ಪ ಕೋಪ ಮಾಡಿಕೊಳ್ಳಲಿಲ್ಲ. ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

“ಬಾಳ ಚಲೋ ಹೇಳಿದಿ. ಹಿಂದ ಬಂದದ್ದು ಬಳುವಳಿ, ಹೌದಲ್ಲ?”

“ಹೌದು.”

“ಎಮ್ಮಿ ಯಾರ ಹಿಂದ ಬಂತು?”

“ನಮ್ಮ ಅವ್ವನ ಹಿಂದ.”

“ನಿಮ್ಮವ್ವ ಯಾರ ಹಿಂದ ಬಂದಳು?”

ನಾನು ಕೈಯಲ್ಲಿದ್ದ ಹಾಳೆಯನ್ನು ನೋಡಿದೆ.

“ನನ್ನ ತಮ್ಮನ ಹಿಂದ ಬಂದಳು. ತಮ್ಮ ಯಾರ ಹಿಂದ ಇದ್ದ? ನನ್ನ ಹಿಂದ. ಕುಲ ಅಂದಿ. ಈಗ ನಿಮ್ಮವ್ವಂದು ಯಾವ ಕುಲ? ತವರಿಂದೋ, ನಮ್ಮದೋ? ಅಯ್ಯನವರ, ಹುಡುಗಿ ಕಾಲೇಜಿಗೆ ಹೋಗಿ ನನ್ನ ಪರವಾಗಿ ಕಲತ ಬಂದಾಳ.”

ಹಿರಿಯರು ನಕ್ಕರು. ಅಯ್ಯನವರೂ ನಕ್ಕರು. ಅಪ್ಪನ ಮುಖದ ಮೇಲೂ ಏನೋ ಒಂದು ನಗೆಯಂಥದು ಬಂದು ಹೋಯಿತು. ಹಾಳೆ ಕೈಯಲ್ಲೇ ಮುದ್ದೆಯಾಗಿತ್ತು. ಆ ದಿನ ನಾನು ದೊಡ್ಡಪ್ಪ ಸಾಯಲಿ ಎಂದುಕೊಂಡೆ. ಬರಿಯ ಸಿಟ್ಟಿನ ಮಾತಲ್ಲ, ಬೇಕೆಂದೇ, ಬಿಡಿಸಿ ಬಿಡಿಸಿ ಅಂದುಕೊಂಡೆ.

ಆರು, ಐದು ಎಂದೇ ತೀರ್ಮಾನವಾಯಿತು. ಮೊದಲು ಆರಿಸಿಕೊಳ್ಳುವ ಹಕ್ಕು ಹಿರಿಯನದು ಎಂದು ದೊಡ್ಡಪ್ಪ ಹಾಲು ಕೊಡುವ ಎಮ್ಮೆಗಳನ್ನೇ ಆರಿಸಿಕೊಂಡ. ಬಾಗುಕೊಂಬಿನದು, ಅವ್ವನ ಕೈಯಲ್ಲೇ ಹುಟ್ಟಿ ಬೆಳೆದದ್ದು, ಅದೂ ಆ ಕಡೆ ಹೋಯಿತು. ನಮಗೆ ಉಳಿದವು ಒಂದು ಮುದಿ, ಒಂದು ಬತ್ತಿದ್ದು, ಮೂರು ಮಣಕ.

ಒಳಗೆ ಬಂದ ಮೇಲೆ ಅವ್ವ ನನಗೆ ಹೇಳಿದಳು: “ನಿನಗ ಅರ್ಥ ಯಾರು ಕೇಳಿದ್ರು? ಅರ್ಥ ನನಗ ಗೊತ್ತಿತ್ತು.”

ಕೊಟ್ಟಿಗೆಯಲ್ಲಿ ಗೋಡೆ ಎದ್ದಿತು. ಮಣ್ಣಿನ ಗೋಡೆ, ಎತ್ತರಕ್ಕೆ ಒಬ್ಬ ಮನುಷ್ಯ ಕೈ ಎತ್ತಿದಷ್ಟು. ಮೇವು ಹಾಕುವ ಗೋದಲಿಯನ್ನೂ ಸೀಳಿಕೊಂಡು ಹೋಯಿತು. ಎಮ್ಮೆಗಳು ಆಚೆಯಿಂದ ಈಚೆಯಿಂದ ಒದರಿಕೊಂಡವು. ಎರಡು ದಿನ ಅಷ್ಟೇ, ಆಮೇಲೆ ರೂಢಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಆದರೆ ದೊಡ್ಡವ್ವ ಹಿಂಡಲು ಕುಳಿತರೆ ಎಮ್ಮೆಗಳು ಸೊರೆ ಬಿಡಲಿಲ್ಲ. ಹಾಲನ್ನು ಮೇಲಕ್ಕೆ ಎಳೆದುಕೊಂಡು ನಿಂತುಬಿಡುತ್ತಿದ್ದವು. ಕರು ಬಿಟ್ಟು ನೋಡಿದಳು, ತಿನ್ನಲು ಹಿಂಡಿ ಇಟ್ಟು ನೋಡಿದಳು. ಬಾಗುಕೊಂಬಿನದು ಒದ್ದು ಅವಳ ತಂಬಿಗೆ ಉರುಳಿಸಿತು. ಸ್ಟೇಷನ್ನಿಗೆ ಹೋಗುವ ಕ್ಯಾನು ಅರ್ಧಕ್ಕೆ ಇಳಿಯಿತು. ದೊಡ್ಡಪ್ಪ ಅವಳನ್ನು ಬೈಯುವುದು ಗೋಡೆಯ ಈಚೆ ನಮಗೆ ಕೇಳುತ್ತಿತ್ತು. ಅವ್ವ ಆಗೆಲ್ಲ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದಳು.

ಒಂದು ದಿನ ಹಿತ್ತಿಲ ತಂತಿಯ ಮೇಲೆ ಒಣಹಾಕಿದ್ದ ಅವ್ವನ ಹಳೆಯ ನೂಲಿನ ಸೀರೆ ಕಾಣೆಯಾಯಿತು. ಕಾಲೇಜಿಗೆ ರಜೆಯಿತ್ತು. ಮರುದಿನ ಬೆಳಿಗ್ಗೆ ನಾನು ಕಸ ಗುಡಿಸುತ್ತಿದ್ದಾಗ ಗೋಡೆಯ ಬಿರುಕಿನಲ್ಲಿ ಕಣ್ಣಿಟ್ಟು ನೋಡಿದೆ. ದೊಡ್ಡವ್ವ ಅವ್ವನ ಸೀರೆ ಉಟ್ಟುಕೊಂಡು, ಅವ್ವನ ಹಾಗೆಯೇ ಸೆರಗು ಸುತ್ತಿಕೊಂಡು, ಬಾಗುಕೊಂಬಿನದರ ಮಗ್ಗುಲಲ್ಲಿ ಕುಳಿತಿದ್ದಳು. ಎಮ್ಮೆ ಸೀರೆಯನ್ನು ಮೂಸಿ ಮೂಸಿ ನೋಡಿ, ಕೊನೆಗೆ ಹಾಲು ಇಳಿಸಿತು. ದೊಡ್ಡವ್ವ ತಲೆ ಅದರ ಹೊಟ್ಟೆಗೆ ಆನಿಸಿ ಹಿಂಡುತ್ತಿದ್ದಳು. ಅವಳ ಭುಜಗಳು ನಡುಗುತ್ತಿದ್ದವು. ಅಳುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಕಳವು ಮಾತ್ರ. ಓಡಿಹೋಗಿ ಅವ್ವನಿಗೆ ಹೇಳಿದೆ.

ದೊಡ್ಡಪ್ಪನ ಕಟ್ಟೆಯ ಮೇಲೆ ನಾಲ್ಕು ಜನ ಗಂಡಸರು ಕುಳಿತಿರುವ ಹೊತ್ತು ಕಾದು ಅವ್ವ ಹೋಗಿ ನಿಂತಳು.

“ಅಕ್ಕಾ, ನನ್ನ ಸೀರಿ ಕೊಡು,” ಎಂದು ಒಳಗಿನವರಿಗೆ ಕೇಳುವಂತೆ ಕೂಗಿದಳು. “ನನ್ನ ಮೈ ವಾಸನಿಲೆ ಹಾಲು ಹಿಂಡೂದಿದ್ರ ಎಮ್ಮಿ ಯಾರವು ಅಂತ ಅವಕ್ಕ ಗೊತ್ತೈತಿ. ಮಂದಿಗಷ್ಟ ಗೊತ್ತಿಲ್ಲ.”

ದೊಡ್ಡಪ್ಪನಿಗೆ ಸೀರೆಯ ಸಂಗತಿ ತಿಳಿದಿರಲಿಲ್ಲ. ಎದ್ದು ಒಳಗೆ ಹೋಗಿ, ಸೀರೆ ತಂದು ಅಂಗಳಕ್ಕೆ ಎಸೆದ. ಅವ್ವ ಅದನ್ನು ಎತ್ತಿಕೊಂಡು ಬಂದು ನೀರೊಲೆಗೆ ಹಾಕಿದಳು. ಸಂಜೆ ಗೋಡೆಯ ಆಚೆ ದೊಡ್ಡವ್ವನಿಗೆ ಹೊಡೆಯುವ ಸದ್ದು ಕೇಳಿತು. ಅವಳು ಅಳಲಿಲ್ಲ. ಒಮ್ಮೆ ಮಾತ್ರ, “ನಾ ಏನ ಮಾಡ್ಲಿ, ಬಿಡವೊಲ್ಲವು,” ಎಂದಳು. ನಾನು ಪುಸ್ತಕ ಹಿಡಿದು ಕುಳಿತಿದ್ದೆ. ಅವ್ವ ಖಾರ ಕುಟ್ಟುತ್ತಿದ್ದಳು. ಒನಕೆ ನಿಲ್ಲಲಿಲ್ಲ.

ಹಾಲು ಒಳಗೇ ಉಳಿದು ಬಾಗುಕೊಂಬಿನದರ ಕೆಚ್ಚಲು ಬಾತುಕೊಂಡಿತು. ಅದು ಹಗಲೆಲ್ಲ ಒದರಿತು. ಅವ್ವನಿಗೆ ಮದ್ದು ಗೊತ್ತಿತ್ತು. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಕಾವು ಕೊಟ್ಟು, ಅರಿಸಿನ ಹಚ್ಚಿ, ಸ್ವಲ್ಪ ಸ್ವಲ್ಪವಾಗಿ ಹಿಂಡಬೇಕು. ನಾನೇ ಹೇಳಿದೆ: “ಅವ್ವಾ, ಹೋಗ. ಅದು ಸಾಯತೈತಿ.”

“ಅದು ಅವರ ವಾಟಾ,” ಎಂದಳು.

“ನಿನ್ನ ಬಳುವಳಿ ಅಂದಿ.”

ಅವಳು ನನ್ನ ಕೆನ್ನೆಗೆ ಹೊಡೆದಳು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದವನು ಇದನ್ನೆಲ್ಲ ಕೇಳಿ ಎದ್ದ. ಬೇವಿನ ಸೊಪ್ಪು ಕಿತ್ತು, ನಮ್ಮ ಅಡುಗೆಮನೆಯ ಅರಿಸಿನದ ಡಬ್ಬಿ ತೆಗೆದುಕೊಂಡು ಅಣ್ಣನ ಕೊಟ್ಟಿಗೆಗೆ ಹೋದ. ಎಮ್ಮೆ ಉಳಿಯಿತು, ಎರಡು ಮೊಲೆ ಕೆಟ್ಟವು. ಅವ್ವ ಆ ಡಬ್ಬಿಯನ್ನು ಮತ್ತೆ ಮನೆಯೊಳಗೆ ಸೇರಿಸಲಿಲ್ಲ.

ಮಳೆಗಾಲಕ್ಕೆ ಮುಂಚೆ ದೊಡ್ಡಪ್ಪ ಆರೂ ಎಮ್ಮೆಗಳನ್ನು ಲೋಂಡಾ ಕಡೆಯ ಒಬ್ಬ ದಲ್ಲಾಳಿಗೆ ಮಾರಿಬಿಟ್ಟ. ನಮಗೆ ಬೇಕೇ ಎಂದು ಕೇಳಲಿಲ್ಲ. ಅವು ನಮ್ಮ ಬಾಗಿಲ ಮುಂದೆಯೇ ಹಾದುಹೋದವು. ಅವ್ವ ಕದ ಹಾಕಿಕೊಂಡು ಒಳಗಿದ್ದಳು. ನಮ್ಮ ಮೂರು ಮಣಕಗಳು ಗೋಡೆಯ ಈಚೆ ಕಿವಿ ನಿಮಿರಿಸಿ ನಿಂತಿದ್ದವು.

ಎಂಬತ್ತರ ದಶಕ ಶುರುವಾದ ಮೇಲೆ ನನ್ನ ಮದುವೆಯಾಯಿತು. ಹುಡುಗ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ. ಎರಡು ಖೋಲಿಯ ಬಾಡಿಗೆ ಮನೆ, ಜೊತೆಗೆ ಅತ್ತೆ. ನಮ್ಮ ಕೊಟ್ಟಿಗೆಯಲ್ಲಿ ಅಷ್ಟರಲ್ಲಿ ಮತ್ತೆ ಎಂಟು ಎಮ್ಮೆಗಳಾಗಿದ್ದವು. ನಿಶ್ಚಯವಾದ ಮರುದಿನ ಅವ್ವ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಚೊಚ್ಚಲ ಗಬ್ಬದ ಒಂದು ಮಣಕದ ಬೆನ್ನಿನ ಮೇಲೆ ಕೈಯಿಟ್ಟಳು. ಅದಕ್ಕೆ ಎಣ್ಣೆ ಹಚ್ಚಿ ಮೈ ತಿಕ್ಕಿದ್ದಳು. ಕರ್ರಗೆ ಹೊಳೆಯುತ್ತಿತ್ತು.

“ಇದು ನಿನ್ನ ಬಳುವಳಿ. ಈ ಸಲ ಕಾಗದ ಮಾಡಸ್ತೀನಿ. ಹೊಟ್ಯಾಗ ಹುಟ್ಟಿದ್ದೂ ನಿಂದ ಅಂತ ಬರಸ್ತೀನಿ,” ಎಂದಳು.

“ಎರಡು ಖೋಲಿ ಮನ್ಯಾಗ ಎಮ್ಮಿ ಎಲ್ಲಿ ಕಟ್ಟಲೇ ಅವ್ವಾ?”

“ಇಲ್ಲೇ ಇರಲಿ. ನಾ ನೋಡ್ಕೋತೀನಿ. ಹೆಸರು ನಿಂದು.”

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಗಾಡಿಯಲ್ಲಿ ಪಕ್ಕದ ಜಾಗ ಬಿಟ್ಟು ಕೂರುತ್ತಿದ್ದ ಹುಡುಗಿಯರು, ಪಡಸಾಲೆಯ ನಗು, ಕೆನ್ನೆಯ ಮೇಲಿನ ಏಟು, ಎಲ್ಲ ಒಟ್ಟಿಗೆ ಬಾಯಿಗೆ ಬಂದವು. “ನನಗ ಬ್ಯಾಡ. ಇದರ ವಾಸನಿ ನನಗ ಸಾಕಾಗೈತಿ. ಇವುಗಳ ಸಲುವಾಗಿ ಮನಿ ಮುರದಿ, ಅಪ್ಪನ ಜೋಡಿ ಮಾತು ಬಿಟ್ಟಿ. ನಿನ್ನ ಜಗಳ ನನ್ನ ಹಿಂದ ಕಟ್ಟಬ್ಯಾಡ,” ಎಂದೆ.

ಅವ್ವ ಮಣಕದ ಬೆನ್ನಿನಿಂದ ಕೈ ತೆಗೆದಳು. ಮದುವೆಯಲ್ಲಿ ಎಲ್ಲ ಶಾಸ್ತ್ರಕ್ಕೂ ನಿಂತಳು. ಹೊರಡುವಾಗ ಉಡಿ ತುಂಬಲು ಮಾತ್ರ ಬರಲಿಲ್ಲ. ಅತ್ತೆ ಮನೆಯವರು ಹುಡುಕಿದರು. ಅವಳು ಕೊಟ್ಟಿಗೆಯಲ್ಲಿದ್ದಳು. ಉಡಿ ತುಂಬಿದವಳು ದೊಡ್ಡವ್ವ. ನನ್ನ ಮುಖ ನೋಡದೆ ಅಕ್ಕಿ ಹಾಕಿ ಹೋದಳು.

ಮುಂದೆ ನಾನು ಬಿ.ಎಡ್. ಮುಗಿಸಿ ಶಾಲೆಗೆ ಸೇರಿದೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತಿದ್ದೆ. ಅವ್ವ ಬಾ ಎಂದರೆ ಬಾ, ಹೋಗಿ ಬರುತ್ತೇನೆ ಎಂದರೆ ಹೂಂ. ಅದಕ್ಕಿಂತ ಹೆಚ್ಚು ಮಾತಿರಲಿಲ್ಲ. ಹಾಲು ಮಾತ್ರ ದೊಡ್ಡ ಲೋಟದಲ್ಲಿ ತಂದು ಮುಂದೆ ಇಡುತ್ತಿದ್ದಳು. ನಾನು ಕುಡಿಯುವವರೆಗೂ ಅಲ್ಲೇ ನಿಂತಿರುತ್ತಿದ್ದಳು.

ಎಂಬತ್ತರ ದಶಕದ ನಡುವಿನಲ್ಲಿ ದೊಡ್ಡಪ್ಪನ ಮಗಳು ತವರಿಗೆ ವಾಪಸು ಬಂದಳು. ನನಗಿಂತ ಎರಡು ವರ್ಷ ಚಿಕ್ಕವಳು. ಗಂಡ ಬೇರೊಬ್ಬಳನ್ನು ತಂದುಕೊಂಡು ಇವಳನ್ನೂ ಕೂಸನ್ನೂ ಹೊರಗೆ ಹಾಕಿದ್ದ. ಕೂಸು ಹೆಣ್ಣು. ದೊಡ್ಡಪ್ಪ ಅವಳಿಗೆ ಹಿತ್ತಿಲ ಕಡೆಯ, ಸೌದೆ ಇಡುವ ಖೋಲಿ ತೋರಿಸಿದ. ಅವಳ ಮದುವೆಯಲ್ಲಿ ಏನೂ ಕೊಟ್ಟಿರಲಿಲ್ಲ. ಈಗಲೂ ಕೊಡುವುದಿಲ್ಲ, ಇರುವುದೆಲ್ಲ ತನ್ನ ಇಬ್ಬರು ಗಂಡುಮಕ್ಕಳದು ಎಂದು ನಾಲ್ಕು ಜನರೆದುರು ಹೇಳಿದ್ದ. ಅವಳು ಬೇರೆಯವರ ಗದ್ದೆಗೆ ನಾಟಿಗೆ ಹೋಗಲು ಶುರು ಮಾಡಿದಳು.

ದೀಪಾವಳಿಯ ಸೂಟಿಗೆ ನಾನು ಊರಿಗೆ ಹೋಗಿದ್ದೆ. ಪಾಡ್ಯದ ದಿನ ದನಗಳ ಮೈ ತೊಳೆದು, ಕೊರಳಿಗೆ ಚೆಂಡುಹೂವು ಕಟ್ಟಿ, ಎಲ್ಲರೂ ಅಂಗಳದಲ್ಲಿದ್ದರು. ದೊಡ್ಡಪ್ಪನ ಕಟ್ಟೆಯ ಮೇಲೆ ನೆಂಟರು ತುಂಬಿದ್ದರು. ಅವ್ವ ನಮ್ಮ ಕೊಟ್ಟಿಗೆಯಿಂದ ಗಬ್ಬದ ಒಂದು ಮಣಕ ಬಿಚ್ಚಿಕೊಂಡು, ಹತ್ತು ವರ್ಷದಲ್ಲಿ ಮೊದಲ ಸಲ, ಅವರ ಅಂಗಳಕ್ಕೆ ಹೋದಳು. ಅವರ ಗೂಟಕ್ಕೆ ಅದನ್ನು ಕಟ್ಟಿದಳು. ನಾನು ಹಿಂದೆಯೇ ಹೋಗಿ ನಿಂತೆ.

“ಭಾವಾರ,” ಎಂದಳು. ಸೆರಗು ಹಣೆಯ ಮೇಲಿತ್ತು, ದನಿ ನೆಟ್ಟಗಿತ್ತು. “ಇದು ನಿಮ್ಮ ಮಗಳ ಬಳುವಳಿ. ಕೊಡಬೇಕಾದವರು ನೀವು. ನಿಮ್ಮ ಕೈಲೆ ಆಗಲಿಲ್ಲ, ನಾ ಕೊಡಾಕತ್ತೀನಿ. ಇದರ ಹೊಟ್ಯಾಗಿಂದೂ ಅಕಿದ, ಅದರ ಹೊಟ್ಯಾಗಿಂದೂ ಅಕಿದ. ನಿಮ್ಮ ಹುಲ್ಲು ಬ್ಯಾಡ, ಹುಲ್ಲು ನಾ ಕಳಸ್ತೀನಿ. ನೀವು ಒಂದು ತಟಕ ಹಾಲು ಕುಡದರೂ ಅಕಿನ್ನ ಕೇಳಿ ಕುಡೀರಿ.”

ಅವಳು ಕೊಟ್ಟದ್ದು ಪ್ರೀತಿಯಿಂದಲ್ಲ. ಆ ಹುಡುಗಿಯ ಕಡೆ ಅವಳು ತಿರುಗಿ ಕೂಡ ನೋಡಲಿಲ್ಲ. ನೋಡುತ್ತಿದ್ದದ್ದು ದೊಡ್ಡಪ್ಪನನ್ನು. ಹತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ನೆಂಟರೆದುರು ಅವನ ಗೂಟಕ್ಕೇ ಕಟ್ಟಿ ಬಂದಳು. ದೊಡ್ಡಪ್ಪ ಎದ್ದು ಒಳಗೆ ಹೋದ. ಬಿಚ್ಚಿ ಓಡಿಸುವಂತಿರಲಿಲ್ಲ. ಪಾಡ್ಯದ ದಿನ ಬಾಗಿಲಿಗೆ ಬಂದ ಎಮ್ಮೆ. ಅವನ ಮಗಳು ಬಂದು ಅದರ ಹಗ್ಗ ಹಿಡಿದುಕೊಂಡಳು. ದೊಡ್ಡವ್ವ ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದಳು.

ನನಗೆ ಹೊಟ್ಟೆ ಉರಿಯಿತು. ಮನೆಗೆ ಬಂದು, “ಶತ್ರು ಮಗಳಿಗೆ ಕೊಟ್ಟಿ, ನನಗ ಇಲ್ಲ,” ಎಂದೆ.

“ನಿನಗ ಕೊಟ್ಟಿದ್ದೆ,” ಎಂದಳು. “ನೀ ಒಲ್ಲೆ ಅಂದಿ.”

“ಅದ ಮಣಕ ಏನು?”

“ಅದರ ಮಗಳು.”

ಅವಳು ಹಾಲಿನ ಲೋಟ ತಂದಿಟ್ಟಳು. ನಾನು ಕುಡಿಯಲಿಲ್ಲ. ಅವಳು ಅದನ್ನು ನಾಯಿಯ ತಟ್ಟೆಗೆ ಸುರಿದಳು.

ಆ ಎಮ್ಮೆ ಮೊದಲು ಈದದ್ದು ಹೆಣ್ಣುಕರು. ದೊಡ್ಡಪ್ಪನ ಮಗಳ ಕೈಗೆ ಅದು ಬೇಗ ಒಗ್ಗಿತು. ಮೂರ‍್ನಾಲ್ಕು ವರ್ಷದಲ್ಲಿ ಅವಳು ನಾಟಿಗೆ ಹೋಗುವುದನ್ನು ಬಿಟ್ಟು, ಖಾನಾಪುರದ ಸ್ಟೇಷನ್ನಿಗೆ ಸ್ವಂತ ಕ್ಯಾನು ಒಯ್ಯತೊಡಗಿದಳು. ಅಷ್ಟರಲ್ಲಿ ದೊಡ್ಡಪ್ಪನಿಗೆ ಕಾಲಿನ ಶಕ್ತಿ ಹೋಗಿ ಹಾಸಿಗೆ ಹಿಡಿದ. ನೋಡಿಕೊಂಡು ಬಾ ಎಂದು ಅಪ್ಪ ನನಗೆ ಹೇಳಿದ. ನನಗೆ ಮನಸ್ಸಿರಲಿಲ್ಲ. ಅಪ್ಪ ನನ್ನನ್ನು ಏನನ್ನಾದರೂ ಕೇಳಿದ್ದೇ ಕಡಿಮೆ, ಅದಕ್ಕೆ ಹೋದೆ.

ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ. ರುಮಾಲು ಇರಲಿಲ್ಲ. ತಲೆ ಬೋಳಾಗಿ ಸಣ್ಣದಾಗಿ ಕಂಡಿತು. ಅವನ ಮೇಲೆ ನನಗಿದ್ದ ಸಿಟ್ಟು ಅಷ್ಟೇ ಇತ್ತು, ಆದರೆ ಅದನ್ನು ಇಡಲು ಆ ದೇಹದಲ್ಲಿ ಜಾಗ ಕಾಣಲಿಲ್ಲ.

“ಕುಂದರವಾ,” ಎಂದ. “ಇನ್ನೂ ಶಬ್ದದ ಅರ್ಥ ಹೇಳ್ತೀಯೇನು ಸಾಲ್ಯಾಗ?”

“ಹೇಳ್ತೀನಿ.”

“ಹೇಳು, ಹೇಳು.” ಒಳಗೆ ತಿರುಗಿ, “ಚಾ ತರ್ರಿ,” ಎಂದ.

ದೊಡ್ಡವ್ವ ಎರಡು ಕಪ್ಪು ತಂದಳು. ಎರಡರಲ್ಲೂ ಕರಿ ಚಹಾ. ಹಿತ್ತಿಲಲ್ಲಿ ಅವನ ಮಗಳು ಹಾಲನ್ನು ಕ್ಯಾನಿಗೆ ಸುರಿಯುವ ಸದ್ದು ಕೇಳುತ್ತಿತ್ತು. ನಾನು ಕಪ್ಪನ್ನೂ ಅವನನ್ನೂ ನೋಡಿದೆ.

“ಹಾಲು ನಮ್ಮದಲ್ಲ,” ಎಂದ ದೊಡ್ಡಪ್ಪ. “ಕೇಳಿ ಕುಡೀರಿ ಅಂದಾಳ ನಿಮ್ಮವ್ವ. ನಾ ಯಾರನ್ನೂ ಕೇಳಿದವ ಅಲ್ಲ.”

“ಆವತ್ತಿಂದ ಹಿಂಗ ಕುಡೀತೀರೇನು?”

ದೊಡ್ಡವ್ವ ಹೌದೆಂದು ತಲೆ ಆಡಿಸಿದಳು. ಮಗಳು ದಿನಾ ಒಂದು ತಂಬಿಗೆ ಹಾಲು ಒಲೆಯ ಹತ್ತಿರ ತಂದಿಡುತ್ತಾಳೆ, ಇವರು ಮುಟ್ಟುವುದಿಲ್ಲ ಎಂದು ಬಾಗಿಲವರೆಗೆ ಬಂದು ಹೇಳಿದಳು. ಅದು ಅವಳು ನನ್ನ ಜೊತೆ ಆಡಿದ ಅತಿ ಉದ್ದದ ಮಾತು. ನಾನು ಚಹಾ ಪೂರ್ತಿ ಕುಡಿದಿದ್ದೆ. ಕಹಿಯಿತ್ತು.

ನಮ್ಮ ಮನೆಗೆ ಬಂದಾಗ ಅವ್ವ ಹಿಂಡಿ ನೆನೆಹಾಕುತ್ತಿದ್ದಳು. ತಲೆ ಎತ್ತದೆ, “ಏನ ಕೊಟ್ರು?” ಎಂದು ಕೇಳಿದಳು.

“ಕರಿ ಚಾ.”

ಅವಳ ಕೈ ಬಕೆಟ್ಟಿನಲ್ಲೇ ನಿಂತಿತು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. “ಸಕ್ಕರಿ ಹಾಕಿದ್ರೇನು?” ಎಂದಳು.

“ಇಲ್ಲ.”

“ಬರೇ ಸೊಕ್ಕು,” ಎಂದು ಹೇಳಿ ಮತ್ತೆ ಹಿಂಡಿ ಕಲಸತೊಡಗಿದಳು.